ಕಾಮಾಲೆ ಪಾಠವನ್ನು ನಾನು ಎರಡು ಸಲ ಮಾಡಿದ್ದು

ಬೋಧನಾಭ್ಯಾಸದ ಮೂರನೆಯ ವಾರ ಎಂಟನೆಯ ತರಗತಿಗೆ ಹೆಪಟೈಟಿಸ್ ಕುರಿತು ಪಾಠ ಮಾಡಿದೆ. ‘ಕಾಮಾಲೆ ಹೇಗೆ ಬರುತ್ತದೆ?’ ಎಂದು ಪೂರ್ವಜ್ಞಾನ ಪರೀಕ್ಷಿಸಿದಾಗ ‘ಕೆಟ್ಟ ನೀರಿನಿಂದ’ ಎಂದರು. ನಾನೂ ಅಲ್ಲಿಂದಲೇ ಮುಂದುವರಿದೆ. ಗಂಟೆ ಹೊಡೆದ ಮೇಲೆ ಹುಡುಗನೊಬ್ಬ ಮೆಲ್ಲಗೆ ಕೇಳಿದ: ‘ಮಿಸ್, ನಮ್ಮ ಚಿಕ್ಕಪ್ಪನಿಗೆ ಹೆಪಟೈಟಿಸ್ ಬಿ ಇದೆ. ಮನೇಲಿ ತಟ್ಟೆ ಬೇರೆ ಇಟ್ಟಿದ್ದಾರೆ. ಜೊತೆಗೆ ಉಂಡರೆ ನಮಗೂ ಬರುತ್ತಾ?’

ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮರುದಿನ, ಯಾರ ಮನೆಯ ಮಾತನ್ನೂ ಎತ್ತದೆ, ಪಾಠವನ್ನು ಹೊಸದಾಗಿ ಮಾಡಿದೆ.

ಕಾಮಾಲೆ ಒಂದು ಲಕ್ಷಣ. ಹೆಪಟೈಟಿಸ್ ಎಂದರೆ ಯಕೃತ್ತಿನ ಉರಿಯೂತ. ಎ ಮತ್ತು ಇ ವೈರಸ್‌ಗಳು ಮುಖ್ಯವಾಗಿ ಕಲುಷಿತ ನೀರು, ಆಹಾರದಿಂದ ಹರಡುತ್ತವೆ. ಬಿ ಮತ್ತು ಸಿ ರಕ್ತದ ಮೂಲಕ ಹರಡುತ್ತವೆ. ಬಿ ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೂ ಬರುತ್ತದೆ. ಜೊತೆಗೆ ಉಣ್ಣುವುದರಿಂದ ಬಿ ಹರಡುವುದಿಲ್ಲ. ರೇಜರ್, ಹಲ್ಲುಜ್ಜುವ ಬ್ರಷ್ ಮಾತ್ರ ಹಂಚಿಕೊಳ್ಳಬಾರದು. ಮನೆಯವರು ಪರೀಕ್ಷೆ ಮಾಡಿಸಿಕೊಂಡು ಲಸಿಕೆ ಪಡೆಯಬೇಕು.

ಬಳಿಕ ಕಪ್ಪುಹಲಗೆಯ ಮೇಲೆ ಎರಡು ಸಂಖ್ಯೆ ಬರೆದೆ. ಹುಟ್ಟುವಾಗ ಬಿ ಸೋಂಕು ತಗುಲಿದ ಮಕ್ಕಳಲ್ಲಿ ಸುಮಾರು 90% ಮಂದಿಗೆ ಅದು ದೀರ್ಘಕಾಲ ಉಳಿಯುತ್ತದೆ. ವಯಸ್ಕರಲ್ಲಿ 5%ಕ್ಕಿಂತ ಕಡಿಮೆ. ಆದ್ದರಿಂದಲೇ ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ. ನಂತರ 6, 10, 14ನೆಯ ವಾರಗಳಲ್ಲಿ ಮತ್ತೆ. ತಮ್ಮ, ತಂಗಿಯ ತಾಯಿ ಕಾರ್ಡಿನಲ್ಲಿ ಇದನ್ನು ಹುಡುಕಿ ಬರಲು ಹೇಳಿದೆ.

ಭೂಪಟದಲ್ಲಿ ಬಾಂಗ್ಲಾದೇಶ, ಭೂತಾನ್, ನೇಪಾಳ, ಥಾಯ್ಲೆಂಡ್ ತೋರಿಸಿದೆ. ಐದು ವರ್ಷದ ಮಕ್ಕಳಲ್ಲಿ ಬಿ ಸೋಂಕನ್ನು 1%ಕ್ಕಿಂತ ಕೆಳಗಿಳಿಸಿ, ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ವಲಯದಲ್ಲಿ ನಿಯಂತ್ರಣದ ಗುರಿಯನ್ನು 2019ರಲ್ಲಿ ಮೊದಲು ಮುಟ್ಟಿದ ದೇಶಗಳಿವು. ವರ್ಷಗಟ್ಟಲೆ ಬಿಡದೆ ನಡೆದ ಶಿಶು ಲಸಿಕೆಯೇ ಇದಕ್ಕೆ ಕಾರಣ.

‘ಹಾಗಾದರೆ ಅಲ್ಲಿ ರೋಗ ಮುಗಿಯಿತಾ?’ ಎಂದಳು ಒಬ್ಬಳು. ಇಲ್ಲ. ಲಸಿಕೆ ಬರುವ ಮೊದಲೇ ಸೋಂಕಿತರಾದ ದೊಡ್ಡವರಿದ್ದಾರೆ. ಹಲವರಿಗೆ ವರ್ಷಾನುಗಟ್ಟಲೆ ಯಾವ ಲಕ್ಷಣವೂ ಕಾಣದು. ಗೊತ್ತಾಗುವಷ್ಟರಲ್ಲಿ ಯಕೃತ್ತು ಗಡುಸಾಗಿರಬಹುದು, ಕ್ಯಾನ್ಸರೂ ಆಗಿರಬಹುದು. 2015ಕ್ಕೆ ಹೋಲಿಸಿದರೆ 2030ರೊಳಗೆ ಹೊಸ ಸೋಂಕು 90%, ಸಾವು 65% ಇಳಿಯಬೇಕೆಂಬುದು ಜಾಗತಿಕ ಗುರಿ. ಲಸಿಕೆ ಹೊಸ ಸೋಂಕನ್ನು ತಡೆಯುತ್ತದೆ. ಸಾವು ಇಳಿಯಲು ಪರೀಕ್ಷೆ, ಚಿಕಿತ್ಸೆ ಬೇಕು. ಸಿ ವೈರಸ್‌ಗೆ ಲಸಿಕೆಯಿಲ್ಲ, ಆದರೆ ಸುಮಾರು ಮೂರು ತಿಂಗಳ ಮಾತ್ರೆಗಳಿಂದ ಬಹುಪಾಲು ಗುಣವಾಗುತ್ತದೆ. ನಮ್ಮ ದೇಶದಲ್ಲಿ 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿ ಉಚಿತ.

ಎರಡು ದಿನ ಬಿಟ್ಟು ಹುಡುಗ ಬಂದು, ‘ಅಜ್ಜಿಗೆ ಹೇಳಿದೆ ಮಿಸ್, ನಂಬಲಿಲ್ಲ’ ಎಂದ. ಹರಡುವ, ಹರಡದ ದಾರಿಗಳನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅಜ್ಜಿಯ ಮುಂದೆಯೇ ಕೇಳು ಎಂದೆ. ಈ ಘಟಕ ತೆಗೆದುಕೊಳ್ಳುವ ಸಹಪಾಠಿಗಳು ‘ಹೇಗೆ ಹರಡುವುದಿಲ್ಲ’ ಎಂಬುದನ್ನೂ ಪಾಠಯೋಜನೆಯಲ್ಲಿ ಮೊದಲೇ ಬರೆದುಕೊಳ್ಳಲಿ.