ಔಷಧದ ಲೇಬಲ್ಲೂ ಅದರ ಕಾಲನಿರ್ದೇಶವೂ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಮಾರ್ಗದಲ್ಲಿ ಮಸ್ಕಿ ಇರುವುದು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅಲ್ಲಿ ಕಂಡ ಬಂಡೆಯ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರೂ ಇದ್ದುದರಿಂದ, ಅದುವರೆಗೆ ಸಿಂಹಳದ ಗ್ರಂಥಗಳ ಆಧಾರದಿಂದ ಹೇಳಲಾಗುತ್ತಿದ್ದ ಸಂಗತಿ ಶಾಸನದಿಂದಲೇ ದೃಢಪಟ್ಟಿತು. ಹೆಸರಿನ ಆ ಭಾಗವು ಒಡೆದುಹೋಗಿದ್ದರೆ ಬಂಡೆಯಿದ್ದೂ ಈ ಸಾಕ್ಷ್ಯ ದೊರೆಯುತ್ತಿರಲಿಲ್ಲ. ಔಷಧದಂಗಡಿಯಲ್ಲಿ ಕತ್ತರಿಸಿ ಕೊಡುವ ಗುಳಿಗೆಯ ಪಟ್ಟಿಯನ್ನು ಕಂಡಾಗಲೆಲ್ಲ ನಮಗೆ ಈ ಮಾತು ನೆನಪಾಗುವುದು.

ಔಷಧದ ಲೇಬಲ್ಲಿನಲ್ಲಿ ಏನೇನಿರತಕ್ಕದ್ದೆಂಬುದನ್ನು 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆಯೂ 1945ರ ನಿಯಮಗಳೂ ವಿಧಿಸಿವೆ: ಔಷಧದ ಹೆಸರು, ಅದರ ಪ್ರಮಾಣ, ತಯಾರಕನ ಹೆಸರು ಮತ್ತು ವಿಳಾಸ, ಪರವಾನಗಿಯ ಸಂಖ್ಯೆ, ತಯಾರಾದ ಕಾಲ, ಅವಧಿ ಮುಗಿಯುವ ಕಾಲ. ಇವುಗಳೊಡನೆ ಬ್ಯಾಚ್ ಸಂಖ್ಯೆಯೂ ಉಂಟು. ಒಂದೇ ಸಲಕ್ಕೆ ತಯಾರಾದ ಸರಕಿಗೆಲ್ಲ ಒಂದೇ ಸಂಖ್ಯೆಯಿರುವುದರಿಂದ, ದೋಷ ಕಂಡುಬಂದಾಗ ಆ ಸರಕನ್ನಷ್ಟೇ ಗುರುತಿಸಿ ಹಿಂದಕ್ಕೆ ಪಡೆಯಬಹುದು. ಅವಧಿಯು ತಿಂಗಳು ಮತ್ತು ವರ್ಷಗಳಲ್ಲಿ ಮಾತ್ರ ಸೂಚಿತವಾಗಿದ್ದರೆ ಆ ತಿಂಗಳ ಕಡೆಯ ದಿನದವರೆಗೆ ಎಂದು ಅರ್ಥ.

ಆದರೆ ಈ ಕಾಲನಿರ್ದೇಶವು ನಿರುಪಾಧಿಕವಾದುದಲ್ಲ. ಲೇಬಲ್ಲಿನಲ್ಲಿ ಹೇಳಿದ ಉಷ್ಣತೆಯಲ್ಲಿ, ಮುಚ್ಚಿದ ಕಟ್ಟಿನಲ್ಲಿ ಇರಿಸಿದ ಔಷಧಕ್ಕೆ ಮಾತ್ರ ಅದು ಸಲ್ಲುವುದು. ಎಷ್ಟೋ ಗುಳಿಗೆಗಳ ಮೇಲೆ 30 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಇಡಬೇಕೆಂಬ ಸೂಚನೆಯಿದೆ. ಸಿಂಧನೂರಿನ ಬೇಸಗೆಯಾದರೋ 40 ಡಿಗ್ರಿಯನ್ನು ದಾಟುವುದು. ತಗಡಿನ ಛಾವಣಿಯ ಕೆಳಗಿನ ಕಪಾಟು ಎಷ್ಟು ಕಾಯುವುದೆಂಬುದನ್ನು ಈ ಸೀಮೆಯವರಿಗೆ ನಾವು ಹೇಳಬೇಕಾಗಿಲ್ಲ. ತೆರೆಯದ ಇನ್ಸುಲಿನ್ನಿಗೆ 2ರಿಂದ 8 ಡಿಗ್ರಿಯ ಶೈತ್ಯ ಬೇಕು. ಆಸ್ಪಿರಿನ್ ತೇವವನ್ನು ಹೀರಿದರೆ ವಿಘಟಿಸಿ ವಿನೆಗರಿನ ವಾಸನೆಯನ್ನು ಬೀರುವುದು. ಅಲ್ಯೂಮಿನಿಯಂ ಹಾಳೆಯ ಪಟ್ಟಿ ತೇವವನ್ನು ತಡೆಯಲೆಂದೂ ಕಂದುಬಣ್ಣದ ಸೀಸೆ ಬೆಳಕನ್ನು ತಡೆಯಲೆಂದೂ ಇರುವುವು, ಅಂದಕ್ಕಾಗಿ ಅಲ್ಲ. ಮಕ್ಕಳಿಗೆ ಕೊಡುವ ಪುಡಿಯೌಷಧಕ್ಕೆ ನೀರು ಬೆರೆಸಿದ ಮೇಲೆ ಸೀಸೆಯ ಮೇಲಿನ ವರ್ಷವನ್ನು ನೆಚ್ಚುವಂತಿಲ್ಲ. ಅನೇಕ ವೇಳೆ ಅದರ ಆಯುಸ್ಸು ಒಂದು ವಾರ ಮಾತ್ರ.

ಇನ್ನು ಕತ್ತರಿಸಿದ ಪಟ್ಟಿಯ ವಿಚಾರ. ಹತ್ತು ಗುಳಿಗೆಗಳ ಪಟ್ಟಿಯಲ್ಲಿ ಹೆಸರು ಹಲವೆಡೆ ಮುದ್ರಿತವಾಗಿದ್ದರೂ, ಬ್ಯಾಚ್ ಸಂಖ್ಯೆಯೂ ಅವಧಿಯೂ ಎಷ್ಟೋ ವೇಳೆ ಒಂದು ತುದಿಯಲ್ಲಿ ಮಾತ್ರ ಇರುವುವು. ನಾಲ್ಕೇ ಗುಳಿಗೆ ಸಾಕೆನ್ನುವ ಬಡ ಕೂಲಿಗಾರನದು ತಪ್ಪೆನ್ನಲಾಗದು. ಕೊಡುವವನು ತುದಿಯನ್ನು ನೋಡದೆ ಕತ್ತರಿಸುವುದು ತಪ್ಪು. ಇರುವ ಬರಹವೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿದ್ದು, ಅದನ್ನು ನುಂಗುವವನಿಗೇ ಓದಲು ಬಾರದು. 2023ರ ಆಗಸ್ಟ್ 1ರಿಂದ 300 ವ್ಯಾಪಾರನಾಮಗಳ ಔಷಧಗಳಿಗೆ ಕ್ಯೂಆರ್ ಸಂಕೇತ ಅಥವಾ ಬಾರ್‌ಕೋಡ್ ಕಡ್ಡಾಯವಾಗಿದೆಯಾದರೂ, ಸಂಕೇತವಿಲ್ಲದ ತುಂಡಿಗೆ ಅದರಿಂದ ಪ್ರಯೋಜನವೇನು? ಅವಧಿಯಿರುವ ತುದಿಯನ್ನು ಕಡೆಯವರೆಗೆ ಉಳಿಸಿಕೊಂಡು ಇನ್ನೊಂದು ತುದಿಯಿಂದ ಗುಳಿಗೆ ತೆಗೆಯುವುದು ಮನೆಯಲ್ಲಿ ಸುಲಭಸಾಧ್ಯ. ತುಂಡನ್ನೇ ಕೊಂಡವರು ಮುದ್ರಿತ ರಸೀದಿಯನ್ನು ಅದರೊಡನೆ ಇಡುವುದು ಲೇಸು. ಬ್ಯಾಚ್ ಸಂಖ್ಯೆಯೂ ಅವಧಿಯೂ ಸಾಮಾನ್ಯವಾಗಿ ಅದರಲ್ಲಿ ನಮೂದಾಗಿರುವುವು.

ಈ ಲೇಖನವನ್ನು ಬರೆಯುವ ಮುನ್ನ ನಮ್ಮ ಮನೆಯ ಡಬ್ಬಿಯನ್ನೇ ಪರೀಕ್ಷಿಸಿದೆವು. ಐದು ತುಂಡುಗಳು ದೊರೆತವು. ಮೂರರ ಮೇಲೆ ಹೆಸರುಂಟು, ಕಾಲವಿಲ್ಲ. ಮೂರನ್ನೂ ತ್ಯಜಿಸಬೇಕಾಯಿತು.