ಹಿತ್ತಲಿನ ಅತಿಥಿಗಳು

ಮನೆಯ ಮುಂದಣ ನೆಲಕ್ಕೆ ಅಂಗಳವೆಂದೂ ಹಿಂದಣ ನೆಲಕ್ಕೆ ಹಿತ್ತಲೆಂದೂ ಹೆಸರಿಟ್ಟ ನಮ್ಮ ಪೂರ್ವಿಕರು ಎರಡಕ್ಕೂ ಬೇರೆ ಬೇರೆ ಧರ್ಮಗಳನ್ನು ಗೊತ್ತುಮಾಡಿದ್ದರು. ಅಂಗಳವು ಸಾರಣೆಯಿಂದಲೂ ರಂಗವಲ್ಲಿಯಿಂದಲೂ ಶುಚಿಯಾಗಿರತಕ್ಕದ್ದು. ಹಿತ್ತಲಾದರೋ ಬಾಳೆ, ನುಗ್ಗೆ, ಕರಿಬೇವು, ನಿಂಬೆ, ಬಚ್ಚಲ ನೀರು ಹರಿದೆಡೆಯಲ್ಲಿ ಕೆಸು, ಹೀಗೆ ತನಗೆ ತೋಚಿದಂತೆ ಬೆಳೆದುಕೊಂಡಿರುತ್ತಿತ್ತು. ಈಗ ಪಟ್ಟಣಗಳಲ್ಲಿ ಮೂವತ್ತು ನಲವತ್ತರ ನಿವೇಶನವನ್ನು ಮನೆಯೇ ಮುಕ್ಕಾಲು ಪಾಲು ನುಂಗಿ, ಮಿಕ್ಕ ಮೂರಡಿಗೂ ಸಿಮೆಂಟು ಬಳಿದು, ಅದನ್ನು ದಿನಕ್ಕೊಮ್ಮೆ ತೊಳೆಯುವ ಪದ್ಧತಿ ಬಂದಿದೆ. ಹಿತ್ತಲು ಅಂಗಳವಾಯಿತು, ಅಂಗಳವು ಮೋಟಾರು ನಿಲ್ಲುವ ಕೊಟ್ಟಿಗೆಯಾಯಿತು. ಇದರಿಂದ ಮನೆಯವರಿಗೆ ಸೌಕರ್ಯವೇ ಆಯಿತೆಂದು ಒಪ್ಪೋಣ. ಆದರೆ ಹೇಳದೆ ಕೇಳದೆ ಬಂದು, ಉಂಡು, ಹೋಗುತ್ತಿದ್ದ ನೂರಾರು ಅತಿಥಿಗಳ ಎಲೆ ಎತ್ತಿಹೋದುದನ್ನು ಯಾರೂ ಗಮನಿಸಿದಂತೆ ತೋರುವುದಿಲ್ಲ.

“ಕಾಡಿಗೆ ಕಾಡೇ ಹೋಗುತ್ತಿರುವಾಗ ಹಿತ್ತಲೊಂದರಿಂದ ಏನಾದೀತು, ಸ್ವಾಮಿ?” ಎಂದು ಕೇಳುವವರುಂಟು. ಆನೆಗೂ ಹುಲಿಗೂ ಹಿತ್ತಲಿನಿಂದ ಏನೂ ಆಗದೆಂಬುದು ನಿಜವೇ. ಆದರೆ ಹಿತ್ತಲಿನಲ್ಲಿ ಎಷ್ಟು ಜೀವಗಳು ಹಿಡಿಯುವುವೆಂಬುದನ್ನು ಕೂತು ಎಣಿಸಿದವರು ಒಬ್ಬರಿದ್ದಾರೆ. ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಲ್ಲಿ ಜೆನಿಫರ್ ಓವೆನ್ ಎಂಬ ಜೀವಶಾಸ್ತ್ರಜ್ಞೆಯು ೧೯೭೨ರಿಂದ ೨೦೦೧ರವರೆಗೆ ತಮ್ಮ ಮನೆಯ ತೋಟಕ್ಕೆ ಬಂದ, ಅಲ್ಲಿ ಬೆಳೆದ ಸಕಲ ಜೀವಿಗಳನ್ನೂ ಪಟ್ಟಿಮಾಡಿದರು. ಅದು ಋಷ್ಯಾಶ್ರಮವಲ್ಲ, ಹುಲ್ಲುಹಾಸು, ಹೂವಿನ ಪಾತಿ, ತರಕಾರಿ ಎಲ್ಲವೂ ಇದ್ದ ಸಾಧಾರಣ ಗೃಹಸ್ಥರ ತೋಟ. ಈ ನಡುವೆ ಅವರಿಗೆ ನರಗಳ ಕಠಿಣ ರೋಗವೊಂದು ತಗಲಿ ನಡೆದಾಡುವುದೇ ಕಷ್ಟವಾಯಿತು. ಎಣಿಕೆಯು ಮಾತ್ರ ನಿಲ್ಲಲಿಲ್ಲ. ಮೂವತ್ತು ವರ್ಷಗಳಲ್ಲಿ ದೊರೆತ ಜಾತಿಗಳು ೨,೬೭೩. ಅವುಗಳಲ್ಲಿ ೧,೯೯೭ ಕೀಟಗಳು. ಹಕ್ಕಿ, ಕಪ್ಪೆ ಮೊದಲಾದ ಬೆನ್ನುಮೂಳೆಯುಳ್ಳ ಪ್ರಾಣಿಗಳು ೬೪ ಮಾತ್ರ. ಚಳಿಯ ದೇಶದ ಒಂದು ತೋಟದ ಲೆಕ್ಕವೇ ಇಷ್ಟಾದರೆ, ವರ್ಷವೆಲ್ಲ ಹಸಿರು ಹಿಡಿಯುವ ನಮ್ಮ ನೆಲದ ಲೆಕ್ಕವನ್ನು ವಾಚಕರೇ ಊಹಿಸಬಹುದು.

ಈ ಪಟ್ಟಿಯಲ್ಲಿ ಮುಕ್ಕಾಲು ಪಾಲು ಹುಳುಗಳೇ ಎಂಬುದನ್ನು ಲಕ್ಷ್ಯದಲ್ಲಿಡಬೇಕು. ಹಕ್ಕಿಗಳನ್ನು ಪ್ರೀತಿಸುವೆವೆನ್ನುವ ಜನರು ಹುಳುಗಳನ್ನು ಕಂಡರೆ ಔಷಧದ ಶೀಸೆಯನ್ನು ತರುವರು. ಕಾಳು ತಿನ್ನುವ ಗುಬ್ಬಚ್ಚಿಯೂ ಕೂಡ ತನ್ನ ಮರಿಗಳ ಬಾಯಿಗೆ ಇಡುವುದು ಮೃದುವಾದ ಹುಳುಗಳನ್ನೇ. ಅಮೆರಿಕಾದ ಡೌಗ್ಲಸ್ ಟ್ಯಾಲಮಿ ಎಂಬ ಕೀಟವಿಜ್ಞಾನಿಯು ಹೇಳುವಂತೆ, ಅಲ್ಲಿಯ ಚಿಕಡೀ ಎಂಬ ಹಿಡಿಯಲ್ಲಿ ಅಡಗುವ ಹಕ್ಕಿಯು ಒಂದು ಸಲದ ಮರಿಗಳನ್ನು ಗೂಡಿನಿಂದ ಹಾರಿಸಬೇಕಾದರೆ ಆರರಿಂದ ಒಂಬತ್ತು ಸಾವಿರ ಕಂಬಳಿಹುಳುಗಳನ್ನು ಹೊತ್ತು ತರಬೇಕು. ನಮ್ಮಲ್ಲಿ ಗುಬ್ಬಚ್ಚಿಗಳಿಗೆಂದು ರಟ್ಟಿನ ಗೂಡುಗಳನ್ನು ಕೊಂಡು ತೂಗಹಾಕುವವರು ಅನೇಕರಿದ್ದಾರೆ. ಗೂಡನ್ನೇನೋ ಕೊಟ್ಟೆವು, ಕೂಸುಗಳಿಗೆ ಊಟವೆಲ್ಲಿ? (ಪಾರಿವಾಳಗಳಿಗೆ ಮೂಟೆಗಟ್ಟಲೆ ಕಾಳು ಸುರಿಯುವುದನ್ನು ನಾವು ಈ ಸೇವೆಯಲ್ಲಿ ಸೇರಿಸುವುದಿಲ್ಲ. ಅವುಗಳಿಗೆ ಕೊರತೆಯಿಲ್ಲ, ಅವುಗಳ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಹಾನಿಕರವೆಂದು ವೈದ್ಯರು ಹೇಳುತ್ತಾರೆ.)

ಕರಿಬೇವಿನ ವಿಷಯಕ್ಕೆ ಬರೋಣ. ಗೃಹಿಣಿಯರ ತಕರಾರೆಲ್ಲ ಅಲ್ಲಿಯೇ ಹುಟ್ಟುವುದು. ನೆರೆಮನೆಯ ತಾಯಿಯೊಬ್ಬರು ಹುಳು ಹತ್ತಿದ ಕರಿಬೇವಿನ ಟೊಂಗೆಯೊಂದನ್ನು ಹಿಡಿದು ನಮ್ಮ ಜಗಲಿಗೆ ಬಂದು, “ಮೇಷ್ಟ್ರೇ, ಇದಕ್ಕೆ ಯಾವ ಔಷಧ ಹೊಡೆಯಬೇಕು ಹೇಳಿ” ಎಂದರು. “ಈ ಸೊಪ್ಪನ್ನು ನೀವು ಸಾರಿಗೆ ಹಾಕುವುದಿಲ್ಲವೆ, ತಾಯಿ?” ಎಂದು ಕೇಳಿದೆವು. ಹಾಕುವರೆಂದ ಮೇಲೆ ಔಷಧದ ಮಾತು ಅಲ್ಲಿಗೇ ನಿಂತಿತು. ಆ ಹುಳುವು ಎಳೆಯದಾಗಿರುವಾಗ ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳುಪಾಗಿ ಕಾಣುವುದು. ಹಿಕ್ಕೆಯನ್ನು ಯಾವ ಹಕ್ಕಿಯೂ ತಿನ್ನದಷ್ಟೆ. ಬೆಳೆದಮೇಲೆ ಎಲೆಯ ಹಸಿರನ್ನು ತಾಳುವುದು. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬನ್ನು ಹೊರಕ್ಕೆ ಚಾಚಿ ಘಾಟು ವಾಸನೆಯನ್ನು ಬೀರುವುದು. ಆ ಮನೆಯ ಬಾಲಕನಿಗೆ ಇದನ್ನು ತೋರಿಸಿದಾಗ ಅವನು ಊಟವನ್ನೇ ಮರೆತನು. ಎರಡು ಮೂರು ವಾರಗಳು ತಿಂದು, ಕೋಶ ಕಟ್ಟಿ, ಕರಿಯ ರೆಕ್ಕೆಗೆ ಬಿಳಿಯ ಮಣಿಗಳನ್ನು ಪೋಣಿಸಿಕೊಂಡು ಹಾರಿಹೋಗುವ ಚಿಟ್ಟೆ ಅದೇ. ಗಿಡವೇನೂ ಸಾಯಲಿಲ್ಲ, ಬೋಳಾದ ಟೊಂಗೆಗಳು ಮತ್ತೆ ಚಿಗುರಿದುವು. ಗಿಡವು ತೀರ ಎಳೆಯದಾಗಿದ್ದರೆ ಮಾತ್ರ ಹುಳುಗಳನ್ನು ಎತ್ತಿ ನಿಂಬೆಯ ಗಿಡಕ್ಕೆ ಬಿಡಬಹುದು. ಅವು ಅದನ್ನೂ ತಿನ್ನುತ್ತವೆ.

ಚಿಟ್ಟೆಯು ಯಾವ ಹೂವಿನ ಮಧುವನ್ನಾದರೂ ಕುಡಿದೀತು. ಆದರೆ ಅದು ಮೊಟ್ಟೆಯಿಡಬೇಕಾದರೆ ಕುಲಕ್ಕೆ ತಕ್ಕ ಗಿಡವೇ ಆಗಬೇಕು. ಕಣಗಿಲೆಯನ್ನು ತಿಂದು ಬೆಳ್ಳಿಯಂತೆ ಥಳಥಳಿಸುವ ಕೋಶವನ್ನು ಕಟ್ಟುವುದೊಂದು ಚಿಟ್ಟೆ, ಮಾವಿನೆಲೆಯಲ್ಲಿ ಬೆಳೆಯುವುದು ಮತ್ತೊಂದು, ಸಂಪಿಗೆಯಲ್ಲಿ ಇನ್ನೊಂದು. ಬೇಲಿಯ ಎಕ್ಕದ ಗಿಡವನ್ನೇ ನೋಡಿರಿ. ಸಂಸ್ಕೃತದಲ್ಲಿ ಅರ್ಕವೆಂದರೆ ಸೂರ್ಯನೂ ಹೌದು, ಎಕ್ಕವೂ ಹೌದು. ಅದರ ಹಾಲು ವಿಷ, ದನಗಳೂ ಮುಟ್ಟವು. ಆ ವಿಷವನ್ನು ಉಂಡು ಅರಗಿಸಿಕೊಂಡು ಮೈಯಲ್ಲಿ ತುಂಬಿಕೊಳ್ಳುವ ಪಟ್ಟೆಪಟ್ಟೆಯ ಹುಳುವೊಂದುಂಟು. ಅದರಿಂದಾಗುವ ಕಿತ್ತಳೆ ಬಣ್ಣದ ಚಿಟ್ಟೆಯನ್ನು ಒಮ್ಮೆ ಕಚ್ಚಿದ ಹಕ್ಕಿ ಮತ್ತೊಮ್ಮೆ ಅದರ ತಂಟೆಗೆ ಹೋಗದು. ಇದನ್ನು ಕಂಡೇ ಏನೋ ಎಂಬಂತೆ, ವಿಷವಿಲ್ಲದ ಬೇರೊಂದು ಜಾತಿಯ ಹೆಣ್ಣುಚಿಟ್ಟೆಯು ಅದೇ ಬಣ್ಣದ ಸೀರೆಯನ್ನುಟ್ಟು ಅದೇ ಗತ್ತಿನಲ್ಲಿ ಹಾರಾಡಿಕೊಂಡು ಬದುಕುತ್ತದೆ. ಈ ವೇಷಧಾರಿಣಿಯ ಮರಿಗಳಿಗೆ ಬೇಕಾದುದು ನಾವು ಕಳೆಯೆಂದು ಕಿತ್ತೆಸೆಯುವ ಗೋಣಿಸೊಪ್ಪು.

ತರಕಾರಿ ಬೆಳೆಯುವವರಿಗೆ ದುಂಬಿಯ ಋಣವು ದೊಡ್ಡದು. ಬದನೆಯ ಹೂವಿನಲ್ಲಿ ಪರಾಗವು ಕೊಳವೆಯಂಥ ಕೇಸರಗಳ ಒಳಗಿದ್ದು, ತುದಿಯ ಸಣ್ಣ ರಂಧ್ರದಿಂದ ಮಾತ್ರ ಉದುರುವುದು. ಜೇನುನೊಣಗಳು ಈ ಬೀಗವನ್ನು ತೆರೆಯಲಾರವು. ಒಣಮರವನ್ನು ಕೊರೆದು ಗೂಡು ಮಾಡುವ ಕರಿಯ ದುಂಬಿಯು ಹೂವನ್ನು ಅಪ್ಪಿ ಹಿಡಿದು ಮೈಯನ್ನು ಝೇಂಕರಿಸಿ ನಡುಗಿಸಿದಾಗ ಪರಾಗವು ಹಿಟ್ಟಿನಂತೆ ಸುರಿಯುವುದು. ಕವಿಗಳು ಕೊಂಡಾಡಿದ ಭ್ರಮರಗಾನವು ಹೀಗೆ ಬದನೆಕಾಯಿಯ ಹುಳಿಗೂ ಉಪಕಾರಿ ಎಂಬುದನ್ನು ಕಾವ್ಯಪಾಠ ಹೇಳುವಾಗ ನಮಗೆ ಯಾರೂ ತಿಳಿಸಿರಲಿಲ್ಲ! ಇದಕ್ಕೆ ನಾವು ಕೊಡಬೇಕಾದ ಬಾಡಿಗೆ ಬೇಲಿಯ ಮೂಲೆಯಲ್ಲಿ ಒಂದು ಒಣ ಬಿದಿರು, ಇಲ್ಲವೆ ಕಡಿಯದೆ ಬಿಟ್ಟ ಒಣಕೊಂಬೆ. ಜೇನುನೊಣಗಳಿಗಾದರೆ ತುಳಸಿಯ ಕದಿರುಗಳಲ್ಲಿ ಕೆಲವನ್ನು ಚಿವುಟದೆ ಬಿಟ್ಟರೂ ಸಾಕು. ಮೂರನೆಯ ಮಹಡಿಯ ಕುಂಡದ ತುಳಸಿಗೂ ಅವು ಹುಡುಕಿಕೊಂಡು ಬರುತ್ತವೆ.

ಬೇಸಗೆಯಲ್ಲಿ ಮಣ್ಣಿನ ತಟ್ಟೆಯಲ್ಲಿ ನೀರಿಡುವುದು ಒಳ್ಳೆಯದೇ. ಆದರೆ ತಟ್ಟೆಯನ್ನು ದಿನವೂ ಉಜ್ಜಿ ತೊಳೆದು ಹೊಸ ನೀರು ಹಾಕತಕ್ಕದ್ದು. ಡೆಂಗ್ಯೂ ತರುವ ಸೊಳ್ಳೆಯು ಪಾತ್ರೆಯ ಅಂಚಿಗೆ ಮೊಟ್ಟೆಯನ್ನು ಅಂಟಿಸುವುದರಿಂದ ನೀರನ್ನು ಚೆಲ್ಲಿದರೆ ಮಾತ್ರ ಸಾಲದು. ಹಾಗೆಯೇ ತರಗೆಲೆಗಳನ್ನು ಸುಡದೆ ಒಂದು ಮೂಲೆಯಲ್ಲಿ ಕೊಳೆಯಬಿಟ್ಟರೆ ಗೊಬ್ಬರವೂ ಆಯಿತು, ಅದನ್ನು ಕೆದಕಿ ಹುಳು ಹೆಕ್ಕುವ ಮಡಿವಾಳ ಹಕ್ಕಿಗೆ ಅನ್ನವೂ ಆಯಿತು. ಹಾವಿನ ಭಯವುಳ್ಳವರು ರಾಶಿಯನ್ನು ಬಾಗಿಲಿಂದ ದೂರವಿಡಲಿ.

ಗೃಹಸ್ಥನಿಗೆ ವಿಧಿಸಿದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಕಾಗೆಗೆ, ನಾಯಿಗೆ, ಇರುವೆಗೆ ಉಣ್ಣುವ ಮುನ್ನ ಒಂದು ತುತ್ತನ್ನು ತೆಗೆದಿಡುವುದು. ಅದನ್ನು ಮಂತ್ರದಲ್ಲಿ ಉಳಿಸಿಕೊಂಡು ಹಿತ್ತಲಿನಲ್ಲಿ ವಿಷವೆರಚುವ ಶ್ರೋತ್ರಿಯರನ್ನೂ ನಾವು ಕಂಡಿದ್ದೇವೆ.

ಒಂದು ಹಿತ್ತಲಿನ ಕೆಲಸವು ಆ ಬೇಲಿಯನ್ನು ದಾಟಲಾರದೆಂದು ಇನ್ನೂ ಸಂಶಯಪಡುವವರು ಬಂಡೀಪುರದ ಕಡೆ ಹೋಗಿ ನೋಡಬಹುದು, ಬಿಳಿಗಿರಿರಂಗನ ಬೆಟ್ಟಕ್ಕೂ ಹೋಗಬಹುದು. ಅಲ್ಲಿ ಮರಗಳ ಕೆಳಗೆ ಆಳೆತ್ತರ ಹೆಣೆದುಕೊಂಡು, ಹುಲ್ಲನ್ನು ಅಡಗಿಸಿ, ಜಿಂಕೆ ಕಾಡೆಮ್ಮೆಗಳಿಗೆ ಮೇವಿಲ್ಲದಂತೆ ಮಾಡಿರುವ ಲಂಟಾನವು ಅಮೆರಿಕಾ ಖಂಡದ ಗಿಡ. ೧೯ನೆಯ ಶತಮಾನದ ಆರಂಭದಲ್ಲಿ ಅದನ್ನು ಈ ದೇಶಕ್ಕೆ ತಂದುದು ತೋಟದ ಅಲಂಕಾರಕ್ಕಾಗಿ. ಬಣ್ಣದ ಹೂವೆಂದು ಬೇಲಿಗೆ ನೆಟ್ಟರು. ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ಕಾಡಿಗೆ ಒಯ್ದುವು. ಚಿಟ್ಟೆಗಳು ಅದರ ಮಧುವಿಗೆ ಮುಗಿಬೀಳುವುದನ್ನು ತೋರಿಸಿ ಇಂದಿಗೂ ಅದನ್ನು ಮಾರುವ ಸಸಿಯಂಗಡಿಗಳಿವೆ. ಮಧುವಿಗೆ ಕೇಪಳವಿದೆ, ತುಂಬೆಯಿದೆ, ದಾಸವಾಳಕ್ಕೆ ಬರುವ ಸೂರಕ್ಕಿಯೂ ಇದೆ. ಲಂಟಾನವನ್ನು ದುಡ್ಡು ಕೊಟ್ಟು ತರುವ ಕಾರಣವು ನಮಗೆ ತೋರದು.

ಮಲೆನಾಡಿನ ವಾಚಕರಿಗೆ ಒಂದು ಸೂಚನೆ. ಕರ್ನಾಟಕವು ತನ್ನ ರಾಜ್ಯದ ಚಿಟ್ಟೆಯೆಂದು ಆರಿಸಿಕೊಂಡಿರುವ, ಕಪ್ಪು ಹಳದಿಯ ರೆಕ್ಕೆಗಳ ಸದರ್ನ್ ಬರ್ಡ್‌ವಿಂಗ್ ನಮ್ಮ ದೇಶದ ಅತಿ ದೊಡ್ಡ ಚಿಟ್ಟೆಗಳಲ್ಲಿ ಒಂದು. ಅದರ ಮರಿಗಳು ತಿನ್ನುವುದು ಈಶ್ವರಿ ಬಳ್ಳಿಯ ಜಾತಿಯ ಸಸ್ಯಗಳನ್ನು. ಬೇಲಿ ಸವರುವಾಗ ಈ ಬಳ್ಳಿ ಕಂಡರೆ ಉಳಿಸಿರಿ. ಇಲ್ಲದವರು ಮುಂಗಾರು ಹಿಡಿದ ಮೇಲೆ ಬೀಜದಿಂದ ಎಬ್ಬಿಸಿ ಮರಕ್ಕೆ ಹಬ್ಬಿಸಬಹುದು. ಹಳಬರು ಇದನ್ನು ಔಷಧಕ್ಕೆ ಬಳಸುತ್ತಿದ್ದರೆಂದು ಯಾರೂ ಬೇರನ್ನು ಅರೆದು ಕುಡಿಯಬಾರದು. ಅದರಲ್ಲಿರುವ ವಿಷವು ಮೂತ್ರಪಿಂಡಗಳನ್ನು ಕೆಡಿಸುವುದೆಂದು ಈಗ ಸಿದ್ಧವಾಗಿದೆ. ಆ ಬಳ್ಳಿಯನ್ನು ಹುಳುವಿಗೇ ಬಿಟ್ಟುಬಿಡುವುದು ಲೇಸು.