ತೆಂಗಿನಿಂದ ವೈನ್ ಆಗುತ್ತದೆಯೇ? ಆದರೆ ಯಾವ ಊಟಕ್ಕೆ ಹೊಂದುತ್ತದೆ?

ತೆಂಗಿನ ವೈನ್ ಎನ್ನಬಹುದಾದ ಸೇಂದಿ ಬರುವುದು ಕಾಯಿಯಿಂದಲ್ಲ, ಅರಳದ ಹೊಂಬಾಳೆಯಿಂದ. ಹೊಂಬಾಳೆಯನ್ನು ಬಿಗಿಯಾಗಿ ಕಟ್ಟಿ, ಕೆಲವು ದಿನ ಮೆಲ್ಲಗೆ ಬಡಿದು, ತುದಿಯನ್ನು ತೆಳ್ಳಗೆ ಕೆತ್ತಿದರೆ ಸಿಹಿರಸ ಹನಿಹನಿಯಾಗಿ ಜಿನುಗುತ್ತದೆ. ಅದೇ ನೀರಾ; ಅದರಲ್ಲಿ ಶೇ. 15ರ ಆಸುಪಾಸು ಸಕ್ಕರೆ. ರಸ ಹಿಡಿಯುವ ಮಡಕೆಯ ಒಳಮೈಗೆ ಸುಣ್ಣ ಬಳಿಯದಿದ್ದರೆ ಕೆಲವೇ ಗಂಟೆಗಳಲ್ಲಿ ಯೀಸ್ಟ್ ಕೆಲಸ ಶುರುಮಾಡುತ್ತದೆ. ನೊರೆ ಏಳುತ್ತದೆ, ಸಿಹಿ ಇಳಿದು ಹುಳಿ ಏರುತ್ತದೆ. ದಿನದೊಳಗೆ ಮದ್ಯಸಾರ ಶೇ. 5ರ ಹತ್ತಿರ ಬರುತ್ತದೆ. ಹಾಗೇ ಬಿಟ್ಟರೆ ವಿನೆಗರ್. ಒಳ್ಳೆಯ ದ್ರಾಕ್ಷಿ ವೈನಿನಂತೆ ವರ್ಷಗಟ್ಟಲೆ ಮಾಗಿಸುವ ಮಾತೇ ಇಲ್ಲ, ಅಂದಿನದು ಅಂದಿಗೇ.

ಹುಳಿಸಿಹಿ ಬೆರೆತ ಈ ತಂಪು ಪಾನೀಯ ಖಾರದ ಅಡುಗೆಗೆ ಚೆನ್ನಾಗಿ ಒಗ್ಗುತ್ತದೆ. ಕೇರಳದಲ್ಲಿ ಬೇಯಿಸಿದ ಮರಗೆಣಸು, ಕೆಂಪು ಮೀನುಸಾರು ಇದರ ಜೊತೆಗಾರರು. ಮಂಗಳೂರಿನ ಕ್ಯಾಥೊಲಿಕರ ಮನೆಗಳಲ್ಲಿ ಸೇಂದಿ ಹಿಟ್ಟಿಗೇ ಸೇರುತ್ತದೆ: ಅದರಿಂದ ಉಬ್ಬಿದ, ಇಡ್ಲಿಯಂಥ ಮೆತ್ತನೆಯ ‘ಸಣ್ಣ’ಕ್ಕೆ ಹಂದಿಮಾಂಸದ ಸಾರು.

ಹೊನ್ನವಳ್ಳಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳ ಬದುಕು ಮಾತ್ರ ರಸದ್ದಲ್ಲ, ಉಂಡೆಕೊಬ್ಬರಿಯದು. ಕಾಯಿ ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಬೇಕು. ಅಲ್ಲಾಡಿಸಿದಾಗ ಒಳಗಿನ ಉಂಡೆ ಗಡಗಡ ಎಂದರೆ ಕೊಬ್ಬರಿ ಆಯಿತು. ರಸ ಇಳಿಸಿದ ಹೊಂಬಾಳೆ ಕಾಯಿ ಕಟ್ಟುವುದಿಲ್ಲ, ಹಾಗಾಗಿ ಎರಡರಲ್ಲಿ ಒಂದನ್ನು ಬಿಡಲೇಬೇಕು. ರಸವನ್ನೇ ಆರಿಸಿಕೊಂಡರೆ ಬೆಳೆಗಾರರಿಗೆ ನಿಜವಾಗಿ ಆಸರೆಯಾಗಬಲ್ಲದ್ದು ಹುಳಿಯದ ರಸ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಮರದ ಮೇಲೆಯೇ ಐಸ್ ಪೆಟ್ಟಿಗೆಯಲ್ಲಿ ರಸ ಹಿಡಿಯುವ ವಿಧಾನ ರೂಪಿಸಿದೆ. ಸುಣ್ಣ ಬೇಡದ ಈ ರಸದ ಹೆಸರು ‘ಕಲ್ಪರಸ’. ತಣ್ಣಗೆ ಕುಡಿಯಬಹುದು, ಕುದಿಸಿ ಬೆಲ್ಲ ಅಥವಾ ಸಕ್ಕರೆ ಮಾಡಬಹುದು.